ಕ್ಲಸ್ಟರ್‌ನಲ್ಲಿ ಯಾವ ಪ್ರೊಸೆಸರ್‌ಗೆ ಯಾವ ಕರ್ನಲ್? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ಕಾಲೇಜಿನ ಚಿಕ್ಕ ಕ್ಲಸ್ಟರ್ ನೋಡಿಕೊಳ್ಳುತ್ತೇನೆ, ಅಂದರೆ ನೆಟ್‌ವರ್ಕ್‌ನಲ್ಲಿ ಜೋಡಿಸಿ ಒಟ್ಟಿಗೆ ದುಡಿಸುವ ಕಂಪ್ಯೂಟರ್‌ಗಳ ಗುಂಪು. ಅದರ ಒಂದೊಂದು ಕಂಪ್ಯೂಟರೂ ಒಂದು ನೋಡ್. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಹಾರ್ಡ್‌ವೇರ್ ಮತ್ತು ಪ್ರೋಗ್ರಾಮ್‌ಗಳ ನಡುವೆ ಕೂತಿರುವ ಭಾಗ. ನೋಡ್‌ಗಳು ಮೂರು ಸಲದ ಬಜೆಟ್‌ನಲ್ಲಿ ಬಂದವು. ಹಾಗಾಗಿ ಒಂದೇ ರ‍್ಯಾಕ್ ಸಾಲಿನಲ್ಲಿ ಮೂರು ತಲೆಮಾರಿನ ಪ್ರೊಸೆಸರ್‌ಗಳು ಕೂತಿವೆ. ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರು ಅಡ್ಮಿನ್ ಕೆಲಸ ಕಲಿಯಲು ಬರುತ್ತಾರೆ, ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ಒಣಗಿದ ಮೇಲೆ ಬರೆದಿಟ್ಟಿದ್ದು ಇದು.

ಇಲ್ಲಿ ಬರೀ ಲಿನಕ್ಸ್ ಬಗ್ಗೆ ಯಾಕೆ?

ಕ್ಲಸ್ಟರ್ ಲೋಕದಲ್ಲಿ ಬೇರೆ ಏನೂ ಉಳಿದಿಲ್ಲ, ಅದಕ್ಕೆ. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ ಕಂಪ್ಯೂಟರ್‌ಗಳ ಟಾಪ್500 ಪಟ್ಟಿಯ ಐನೂರಕ್ಕೆ ಐನೂರೂ ಯಂತ್ರಗಳು ಲಿನಕ್ಸ್‌ನಲ್ಲೇ ಓಡುತ್ತಿವೆ.

ಮೂರು ಥರದ ಪ್ರೊಸೆಸರ್ ಇದ್ದರೆ ಮೂರು ಥರದ ಕರ್ನಲ್ ಬೇಕಾ?

ಬೇಡ. ಎಲ್ಲವೂ ಎಕ್ಸ್86-64 (ಇಂಟೆಲ್, ಎಎಂಡಿ ಎರಡರದ್ದೂ ಆದ 64 ಬಿಟ್ ಜಾತಿ) ಆಗಿದ್ದರೆ ಒಂದೇ ಕರ್ನಲ್ ಸಾಕು. ಇಂಟೆಲ್ ಇರಲಿ, ಎಎಂಡಿ ಇರಲಿ, ಹತ್ತು ವರ್ಷ ಹಳೇದಿರಲಿ.

ಇದು ಹೇಗೆ ಸಾಧ್ಯ ಅಂದರೆ, ಕರ್ನಲ್ ಬೂಟ್ ಆಗುವಾಗ ತನ್ನ ಕೋಡನ್ನು ತಾನೇ ತಿದ್ದಿಕೊಳ್ಳುತ್ತದೆ. ತಮಾಷೆಯಲ್ಲ. ಶುರುವಿನಲ್ಲೇ ಅದು ಪ್ರೊಸೆಸರ್‌ಗೆ 'ನಿನಗೆ ಏನೇನು ಬರುತ್ತೆ' ಅಂತ ಕೇಳುತ್ತದೆ. ಬಂದ ಉತ್ತರ ನೋಡಿಕೊಂಡು, ಮೊದಲೇ ಗುರುತು ಹಾಕಿಟ್ಟ ಜಾಗಗಳಲ್ಲಿ ಒಂದು ಇನ್‌ಸ್ಟ್ರಕ್ಷನ್ ತೆಗೆದು ಇನ್ನೊಂದು ಕೂರಿಸುತ್ತದೆ. ಮೆಮೊರಿ ಕಾಪಿ ಮಾಡುವ ಕೋಡ್ ಇದಕ್ಕೆ ಒಳ್ಳೇ ಉದಾಹರಣೆ. ಹೊಸ ಚಿಪ್ ಆದರೆ ಒಂದು ದಾರಿ, ಹಳೇದಾದರೆ ಇನ್ನೊಂದು. ಎರಡೂ ಒಂದೇ ಫೈಲಿನಲ್ಲಿ ಇರುತ್ತವೆ.

ಕಣ್ಣಾರೆ ನೋಡಬೇಕು ಅನ್ನಿಸಿದರೆ, ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದರಂತೆ ಬಳಸುವ ವ್ಯವಸ್ಥೆ) ಇರುವ ಒಂದು ನೋಡ್‌ನ ಬೂಟ್ ಲಾಗ್ ತೆಗೆದು 'ರೇಡ್6' ಅಂತ ಹುಡುಕಿ. ಕರ್ನಲ್ ನಾಲ್ಕಾರು ವಿಧಾನಗಳನ್ನು ಒಂದೊಂದಾಗಿ ಓಡಿಸಿ, ಸೆಕೆಂಡಿಗೆ ಎಷ್ಟು ಎಂಬಿ ಅಂತ ಅಳೆದು, ಕೊನೆಗೆ ಗೆದ್ದ ವಿಧಾನದ ಹೆಸರು ಬರೆದಿರುತ್ತದೆ. ಹಳೇ ನೋಡ್‌ನಲ್ಲಿ ಎಸ್‌ಎಸ್‌ಇ2 ಗೆದ್ದಿರುತ್ತದೆ, ಹೊಸದರಲ್ಲಿ ಎವಿಎಕ್ಸ್2 ಅಥವಾ ಎವಿಎಕ್ಸ್-512. ಇವೆಲ್ಲ ಒಂದೇ ಏಟಿಗೆ ಹಲವು ಲೆಕ್ಕ ಮಾಡುವ ಇನ್‌ಸ್ಟ್ರಕ್ಷನ್‌ಗಳ ಗುಂಪುಗಳು. ಕರ್ನಲ್ ಮಾತ್ರ ಎರಡು ಕಡೆಯೂ ಅದೇ.

ಹಾಗಾದ್ರೆ ಹಳೇ ಸಿಡಿಗಳಲ್ಲಿ ಐ586, ಐ686, ಅಥ್ಲಾನ್ ಅಂತ ಬೇರೆ ಬೇರೆ ಕರ್ನಲ್ ಯಾಕಿದ್ದವು?

ಆ ಕಾಲದಲ್ಲಿ ಅದು ಬೇಕಿತ್ತು. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಮಾಮೂಲಿ ಪಿಸಿ ಭಾಗಗಳಿಂದ ಮೊದಲ ಬಿಯೊವುಲ್ಫ್ ಕ್ಲಸ್ಟರ್ ಕಟ್ಟಿದಾಗ ಹಾಕಿದ್ದು 16 ಪ್ರೊಸೆಸರ್, ಎಲ್ಲವೂ 486 ಜಾತಿಯವು. ಅಲ್ಲಿಂದ ಹತ್ತು ವರ್ಷದಲ್ಲಿ ಅಂಗಡಿಯಲ್ಲಿ ಸಿಗುವ ಚಿಪ್‌ಗಳು ಬಹಳ ಬದಲಾದವು. ಎಎಂಡಿ ಕೆ6 ಚಿಪ್‌ಗೆ 'ಸಿಮೂವ್' ಅನ್ನೋ ಇನ್‌ಸ್ಟ್ರಕ್ಷನ್ ಗೊತ್ತೇ ಇರಲಿಲ್ಲ. ಐ686 ಅಂತ ಕಂಪೈಲ್ ಆದ ಕರ್ನಲ್‌ನಲ್ಲಿ ಅದು ಬೇಕಾದಷ್ಟು ಇರುತ್ತಿತ್ತು. ಅಲ್ಲಿಗೆ ಬೂಟ್ ಕತೆ ಮುಗೀತು.

ಇನ್ನೊಂದು ಗೋಳು ಮೆಮೊರಿಯದು. 32 ಬಿಟ್ ಕರ್ನಲ್‌ಗೆ 4 ಜಿಬಿ ದಾಟಬೇಕಾದರೆ ಮೆಮೊರಿ ವಿಳಾಸವನ್ನು ಹಿಗ್ಗಿಸುವ ಪಿಎಇ ಅನ್ನೋ ಸೌಲಭ್ಯ ಬೇಕಿತ್ತು, ಆಗ 64 ಜಿಬಿವರೆಗೆ ಹೋಗಬಹುದಿತ್ತು. ಪಿಎಇ ಇಲ್ಲದ ಚಿಪ್ ಮೇಲೆ ಪಿಎಇ ಕರ್ನಲ್ ಏಳುತ್ತಿರಲಿಲ್ಲ. 2003ರಲ್ಲಿ ಎಎಂಡಿ ಆಪ್ಟೆರಾನ್ ಬಂದು ಎಕ್ಸ್86-64 ಕಾಲ ಶುರುವಾಯಿತು, ಈ ತಲೆನೋವೆಲ್ಲ ನಿಧಾನಕ್ಕೆ ಕರಗಿತು. 2013ರ 3.8 ಆವೃತ್ತಿಯಲ್ಲಿ ಲಿನಕ್ಸ್ 386 ಚಿಪ್‌ನ ಬೆಂಬಲವನ್ನೇ ಕೈಬಿಟ್ಟಿತು. ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ಶುರು ಮಾಡಿದ್ದೇ ಒಂದು 386 ಮೇಲೆ. ತವರುಮನೆಯ ಬಾಗಿಲೇ ಮುಚ್ಚಿದ ಹಾಗಾಯಿತು.

ನಮ್ಮ ಚಿಪ್‌ಗೆಂದೇ ಕರ್ನಲ್ ಕಂಪೈಲ್ ಮಾಡಿಕೊಂಡರೆ ವೇಗ ಜಾಸ್ತಿ ಆಗಲ್ವಾ?

ನಾನೂ ಒಂದು ಕಾಲದಲ್ಲಿ ರಾತ್ರಿಯಿಡೀ ಕೂತು ಮಾಡಿದ್ದೇನೆ. ಅಳೆದು ನೋಡಿದರೆ ವ್ಯತ್ಯಾಸ ಕಾಣಿಸಲಿಲ್ಲ.

ಕಾರಣ ಸುಲಭ. ಹವಾಮಾನದ ಮಾಡೆಲ್ ಇರಲಿ, ಅಣುಗಳ ಲೆಕ್ಕ ಇರಲಿ, ಜಾಬ್ (ಕ್ಲಸ್ಟರ್‌ಗೆ ಓಡಿಸಲು ಕೊಟ್ಟ ಕೆಲಸ) ತನ್ನ ಸಮಯವನ್ನೆಲ್ಲ ಕಳೆಯುವುದು ತನ್ನ ಸ್ವಂತ ಕೋಡ್‌ನಲ್ಲಿ. ಕರ್ನಲ್ ಒಳಗೆ ಹೋಗಿ ಬರುವುದು ಕಡಿಮೆ. ಅದೂ ಅಲ್ಲದೆ ಕರ್ನಲ್ ದಶಮಾಂಶದ ಲೆಕ್ಕ ಮಾಡುವುದೇ ಅಪರೂಪ. ಎವಿಎಕ್ಸ್ ಥರದ ದೊಡ್ಡ ಇನ್‌ಸ್ಟ್ರಕ್ಷನ್‌ಗಳನ್ನು ಎನ್‌ಕ್ರಿಪ್ಷನ್, ರೇಡ್‌ನಂಥ ಒಂದೆರಡು ಮೂಲೆಯಲ್ಲಿ ಮಾತ್ರ ಮುಟ್ಟುತ್ತದೆ.

2025ರಲ್ಲಿ ಬಂದ ಲಿನಕ್ಸ್ 6.16ರಲ್ಲಿ 'ನಾನಿರುವ ಚಿಪ್‌ಗೇ ಕಂಪೈಲ್ ಮಾಡು' ಅನ್ನುವ ಆಯ್ಕೆ ಇದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಟ ಆಡಿ, ಖುಷಿಪಡಿ. ಕ್ಲಸ್ಟರ್‌ನಲ್ಲಿ ಬೇಡ. ಎಲ್ಲರೂ ಲಾಗಿನ್ ಆಗುವ ಹೆಡ್ ನೋಡ್ ಹೊಸದು, ಲೆಕ್ಕ ಮಾಡುವ ಕಂಪ್ಯೂಟ್ ನೋಡ್ ಹಳೇದು ಅಂದರೆ ಆ ಕರ್ನಲ್ ಅಲ್ಲಿ ಮೇಲೇಳದೇ ಇರಬಹುದು. ಎದ್ದರೂ ಫೈಲ್ ಸಿಸ್ಟಮ್, ನೆಟ್‌ವರ್ಕ್, ಜಿಪಿಯು ಮಾಡ್ಯೂಲ್‌ಗಳನ್ನೆಲ್ಲ ಮತ್ತೆ ಕಟ್ಟಬೇಕು.

ಹಾಗಾದ್ರೆ ಕರ್ನಲ್ ಮತ್ತು ಚಿಪ್ ಹೊಂದಬೇಕಾದ್ದು ಎಲ್ಲಿ?

ಇದೇ ನಿಜವಾದ ಪ್ರಶ್ನೆ. ಕರ್ನಲ್ ಚಿಪ್‌ಗಿಂತ ತೀರಾ ಹಳೇದಾಗಿರಬಾರದು. ಹೊಸ ಕರ್ನಲ್ ಹಳೇ ಚಿಪ್ ಮೇಲೆ ಸಾಮಾನ್ಯವಾಗಿ ಓಡುತ್ತದೆ. ಹಳೇ ಕರ್ನಲ್ ಹೊಸ ಚಿಪ್ ಮೇಲೆ ಓಡಿದರೂ ಅರ್ಧ ಕಣ್ಣು ಮುಚ್ಚಿಕೊಂಡು ಓಡುತ್ತದೆ.

ಮೊದಲನೆಯದು ರಿಜಿಸ್ಟರ್, ಅಂದರೆ ಲೆಕ್ಕ ಮಾಡುವಾಗ ಅಂಕಿ ಇಟ್ಟುಕೊಳ್ಳಲು ಚಿಪ್‌ನೊಳಗಿರುವ ಪುಟ್ಟ ಜಾಗ. ಒಂದು ಪ್ರೋಗ್ರಾಮ್ ನಿಲ್ಲಿಸಿ ಇನ್ನೊಂದನ್ನು ಓಡಿಸುವಾಗ, ಮೊದಲನೆಯದರ ರಿಜಿಸ್ಟರ್‌ಗಳನ್ನು ಕರ್ನಲ್ ಎತ್ತಿಡಬೇಕು, ಆಮೇಲೆ ಹಾಗೇ ವಾಪಸ್ ಇಡಬೇಕು. ಹೊಸ ಚಿಪ್‌ನಲ್ಲಿ ಹೊಸ ರಿಜಿಸ್ಟರ್ ಬಂದಿದ್ದು ಕರ್ನಲ್‌ಗೆ ಗೊತ್ತಿಲ್ಲದಿದ್ದರೆ? ಎತ್ತಿಡಲು ಬರುವುದಿಲ್ಲ. ಹಾಗಾಗಿ ಆ ಸೌಲಭ್ಯ ಆಫ್ ಆಗೇ ಇರುತ್ತದೆ. ದುಡ್ಡು ಕೊಟ್ಟು ತಂದ ಚಿಪ್, ಒಳಗೆ ಎಲ್ಲಾ ಇದೆ, ಪ್ರೋಗ್ರಾಮ್‌ಗೆ ಮಾತ್ರ ಸಿಗಲ್ಲ. ಎವಿಎಕ್ಸ್‌ಗೆ ಲಿನಕ್ಸ್ 2.6.30 ಬೇಕಾಯಿತು, ಅದು 2009ರ ಜೂನ್‌ನಲ್ಲಿ ಬಂತು. ಆ ಸೌಲಭ್ಯದ ಚಿಪ್‌ಗಳು ಅಂಗಡಿಗೆ ಬಂದಿದ್ದು 2011ರಲ್ಲಿ. ಅಷ್ಟರಲ್ಲೂ 2.6.18 ಹಿಡಿದು ಕೂತಿದ್ದ ಕ್ಲಸ್ಟರ್‌ಗಳು ಇದ್ದವು.

ಅದೇ ಕತೆ ಎಎಂಎಕ್ಸ್‌ನದೂ. ಇದು ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಇಂಟೆಲ್ ಸಫೈರ್ ರಾಪಿಡ್ಸ್‌ನಲ್ಲಿ ಬಂದಿದ್ದು. ಇದರ ರಿಜಿಸ್ಟರ್‌ಗಳೇ ಒಟ್ಟು 8 ಕೆಬಿ. ಪ್ರತಿ ಪ್ರೋಗ್ರಾಮ್‌ಗೂ ಸುಮ್ನೆ ಅಷ್ಟು ಜಾಗ ಹೊತ್ತು ತಿರುಗುವುದು ದಂಡ. ಅದಕ್ಕೇ ಲಿನಕ್ಸ್ 5.16ರಲ್ಲಿ ಹೊಸ ಪದ್ಧತಿ ತಂದರು: ಬೇಕಾದವರು ಮೊದಲು ಕರ್ನಲ್ ಹತ್ತಿರ ಅನುಮತಿ ಕೇಳಬೇಕು.

ಎರಡನೆಯದು ಕೋರ್‌ಗಳ ಸಂಖ್ಯೆ. ಎರಡು ಸಾಕೆಟ್, ಒಂದೊಂದರಲ್ಲಿ 64 ಕೋರ್, ಪ್ರತಿ ಕೋರ್‌ಗೆ ಎರಡು ಥ್ರೆಡ್. ಒಟ್ಟು 256. ಸಿಪಿಯುಗಳಿಗೆ ಇಂಟರಪ್ಟ್ ತಲುಪಿಸುವ ಹಳೇ ಎಪಿಐಸಿ ಪದ್ಧತಿಯಲ್ಲಿ ಸಿಪಿಯು ಗುರುತಿಗೆ ಇದ್ದಿದ್ದು 8 ಬಿಟ್, ಅಂದರೆ 255ರ ಹತ್ತಿರ ಲೆಕ್ಕ ನಿಂತುಹೋಗುತ್ತದೆ. ಬಯಾಸ್‌ನಲ್ಲಿ ಅದರ ಹೊಸ ರೂಪವಾದ ಎಕ್ಸ್2ಎಪಿಐಸಿ ಆನ್ ಇರಬೇಕು, ಕರ್ನಲ್‌ಗೂ ಅದು ಗೊತ್ತಿರಬೇಕು. ಇಲ್ಲದಿದ್ದರೆ 'ಯಾಕೋ ಒಂದು ಸಿಪಿಯು ಕಮ್ಮಿ ಇದೆಯಲ್ಲಾ' ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಮೂರನೆಯದು ವೇಗ ಏರಿಸಿ ಇಳಿಸುವ ಡ್ರೈವರ್. ಇಂಟೆಲ್‌ನ ಪಿ-ಸ್ಟೇಟ್ ಡ್ರೈವರ್ 3.9ರಲ್ಲಿ ಬಂತು, ಎಎಂಡಿಯದು 5.17ರಲ್ಲಿ. ಮೆಮೊರಿಯ ತಪ್ಪು ಹಿಡಿದು ಹೇಳುವ ಇಡ್ಯಾಕ್ ಡ್ರೈವರ್ ಕೂಡ ಚಿಪ್‌ನ ಗುರುತು ಹಿಡಿಯಬೇಕು. ಹಿಡಿಯದಿದ್ದರೆ ರ‍್ಯಾಮ್ ಕಡ್ಡಿ ಕೆಡುತ್ತಾ ಬಂದರೂ ಲಾಗ್ ತೆಪ್ಪಗಿರುತ್ತದೆ. ನನಗೆ ಎಲ್ಲಕ್ಕಿಂತ ಭಯ ಇದರದ್ದೇ.

ಕರ್ನಲ್ ನಂಬರ್ ನೋಡಿದರೆ ಗೊತ್ತಾಗಲ್ವಾ?

ಯಾವಾಗಲೂ ಇಲ್ಲ. ಕ್ಲಸ್ಟರ್‌ಗಳಲ್ಲಿ ಬಳಸುತ್ತಿದ್ದ ಲಿನಕ್ಸ್ ಡಿಸ್ಟ್ರೋ (ಕರ್ನಲ್ ಜೊತೆ ಉಳಿದ ಸಾಫ್ಟ್‌ವೇರ್ ಸೇರಿಸಿದ ಕಟ್ಟು) ಸೆಂಟ್‌ಒಎಸ್ 7ರ ಕರ್ನಲ್ ಕೊನೆಯವರೆಗೂ 3.10 ಅಂತಲೇ ಹೇಳುತ್ತಿತ್ತು. ಮೂಲ 3.10 ಬಂದಿದ್ದು 2013ರಲ್ಲಿ. ಆದರೆ ಆಮೇಲಿನ ಎಷ್ಟೋ ಕೆಲಸವನ್ನು ಅದರೊಳಗೆ ತಂದು ಹೊಲಿದಿದ್ದರು, ಎವಿಎಕ್ಸ್-512 ಚಿಪ್‌ಗಳೂ ಅದರ ಮೇಲೆ ಓಡಿದವು. ನಂಬರ್ ಹಳೇದು, ಒಳಗಿನ ಸಾಮಾನು ಹೊಸದು. ಹಾಗಾಗಿ ನಂಬರ್‌ಗಿಂತ ನಿಮ್ಮ ಡಿಸ್ಟ್ರೋದ ಹಾರ್ಡ್‌ವೇರ್ ಪಟ್ಟಿ ನೋಡುವುದು ಒಳ್ಳೆಯದು. ಅಂದಹಾಗೆ ಸೆಂಟ್‌ಒಎಸ್ 7ರ ಆಯಸ್ಸು 2024ರ ಜೂನ್ 30ಕ್ಕೇ ಮುಗಿದಿದೆ. ಇನ್ನೂ ಅದರ ಮೇಲೇ ಇದ್ದರೆ ಈ ಪುಟ ಪಕ್ಕಕ್ಕಿಟ್ಟು ಮೊದಲು ಆ ಕೆಲಸ ನೋಡಿ.

ಹಳೇ ನೋಡ್‌ಗೆ ಹೊಸ ಓಎಸ್ ಹಾಕಿದೆ. ಬೂಟ್ ಆಗುತ್ತಾ ಆಗುತ್ತಾ ಕರ್ನಲ್ ಪ್ಯಾನಿಕ್ ಬಂತು. ಕರ್ನಲ್ ಹೊಂದಲಿಲ್ಲ ಅಂತ ತಾನೇ?

ಪ್ಯಾನಿಕ್‌ಗಿಂತ ಎರಡು ಸಾಲು ಮೇಲೆ ನೋಡಿ. ಸಿಪಿಯು ಎಕ್ಸ್86-64-ವಿ2 ಬೆಂಬಲಿಸುವುದಿಲ್ಲ ಅಂತ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ ಬೈದಿರುತ್ತದೆ. ವಿ2 ಅಂದರೇನು ಅಂತ ಮುಂದಿನ ಪ್ರಶ್ನೆಯಲ್ಲಿದೆ.

ಆಗಿದ್ದೇನು ಅಂದರೆ, ಕರ್ನಲ್ ಚೆನ್ನಾಗಿಯೇ ಎದ್ದಿದೆ. ಡಿಸ್ಕ್ ಹುಡುಕಿದೆ, ಮೊದಲ ಪ್ರೋಗ್ರಾಮ್ ಆದ ಇನಿಟ್ ಅನ್ನು ಕರೆದಿದೆ. ಆ ಇನಿಟ್‌ಗೆ ಬೇಕಾದ ಸಿ ಲೈಬ್ರರಿ ಈ ಚಿಪ್ ತನಗಾಗದು ಅಂತ ಸತ್ತಿದೆ. ಇನಿಟ್ ಸತ್ತರೆ ಕರ್ನಲ್‌ಗೆ ಪ್ಯಾನಿಕ್ ಬಿಟ್ಟು ಬೇರೆ ದಾರಿ ಇಲ್ಲ. ಸತ್ತವರು ಯಾರೋ, ಗೋಳಾಡಿ ಸಿಕ್ಕಿಬಿದ್ದವರು ಇನ್ಯಾರೋ. ನಾನು ಇದರ ಹಿಂದೆ ಒಂದು ಶನಿವಾರ ಪೂರ್ತಿ ಕಳೆದೆ, ನಾಲ್ಕು ಕರ್ನಲ್ ಬದಲಿಸಿ ನೋಡಿದೆ. ಸ್ಕ್ರೀನಿನ ಕೊನೆಯ ಸಾಲು ಮಾತ್ರ ಓದಿದ್ದರ ಫಲ. ವರ್ಚುವಲ್ ಮೆಷಿನ್‌ನಲ್ಲಿ ಸಿಪಿಯು ಮಾದರಿ ತೀರಾ ಹಳೇದು ಆರಿಸಿದ್ದರೂ ಇದೇ ಆಗುತ್ತದೆ.

ವಿ2, ವಿ3 ಅಂದರೇನು?

2020ರಲ್ಲಿ ಎಕ್ಸ್86-64 ಚಿಪ್‌ಗಳಿಗೆ ನಾಲ್ಕು ಮೆಟ್ಟಿಲು ಗುರುತಿಸಿದರು. ಮೊದಲನೆಯದು 2003ರ ಮೂಲ. ವಿ2ಗೆ ಎಸ್‌ಎಸ್‌ಇ4.2ವರೆಗೆ ಬರಬೇಕು, ಇಂಟೆಲ್‌ನಲ್ಲಿ 2008ರ ನೆಹಲೆಮ್‌ನಿಂದ ಆಚೆ. ವಿ3ಗೆ ಎವಿಎಕ್ಸ್2 ಮತ್ತು ಎಫ್‌ಎಂಎ (ಗುಣಿಸಿ ಕೂಡುವುದನ್ನು ಒಂದೇ ಏಟಿಗೆ ಮಾಡುವ ಇನ್‌ಸ್ಟ್ರಕ್ಷನ್) ಬೇಕು. 2013ರ ಹ್ಯಾಸ್‌ವೆಲ್ ಆಚೆ. ವಿ4 ಅಂದರೆ ಎವಿಎಕ್ಸ್-512.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ಕನಿಷ್ಠ ವಿ2. ಹತ್ತಕ್ಕೆ ವಿ3. ಅಂದರೆ 2012ರ ಐವಿ ಬ್ರಿಡ್ಜ್ ನೋಡ್‌ಗಳು ಒಂಬತ್ತರಲ್ಲಿ ಓಡುತ್ತವೆ, ಹತ್ತರಲ್ಲಿ ಓಡುವುದಿಲ್ಲ. ಗುಜರಿಗೆ ಹಾಕಲು ಮನಸ್ಸಿಲ್ಲದವರಿಗೆ ಅಲ್ಮಾಲಿನಕ್ಸ್ 10 ವಿ2ಗೆಂದೇ ಬೇರೆ ಬಿಲ್ಡ್ ಕೊಡುತ್ತದೆ. ಸರ್ಕಾರಿ ದುಡ್ಡಲ್ಲಿ ತಂದ ಯಂತ್ರವನ್ನು ವಿಲೇವಾರಿ ಮಾಡುವ ಫೈಲು ಎಷ್ಟು ಮೇಜು ದಾಟಬೇಕು ಅಂತ ಗೊತ್ತಿರುವ ನನ್ನಂಥವರಿಗೆ ಅದು ದೊಡ್ಡ ಉಪಕಾರ.

ನಿಮ್ಮ ನೋಡ್ ಯಾವ ಮೆಟ್ಟಿಲಲ್ಲಿದೆ ಅಂತ ತಿಳಿಯಲು, ಜಿಲಿಬ್‌ಸಿ 2.33 ಅಥವಾ ಹೊಸದಿದ್ದರೆ, ಡೈನಮಿಕ್ ಲೋಡರನ್ನು ಹೆಲ್ಪ್ ಆಯ್ಕೆ ಕೊಟ್ಟು ಓಡಿಸಿ. ಕೊನೆಯಲ್ಲಿ ಬೆಂಬಲವಿರುವ ಮೆಟ್ಟಿಲುಗಳ ಪಟ್ಟಿ ಇರುತ್ತದೆ.

ಜಾಬ್ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಸಾಯುತ್ತದೆ. ಕೆಲವು ನೋಡ್‌ಗಳಲ್ಲಿ ಮಾತ್ರ.

ಇದಕ್ಕೂ ಕರ್ನಲ್‌ಗೂ ಸಂಬಂಧವಿಲ್ಲ. ಹೊಸ ನೋಡ್‌ನಲ್ಲಿ ಕೂತು, '-march=native' (ಈ ಚಿಪ್‌ಗೇ ಹೊಂದುವಂತೆ ಕಟ್ಟು) ಅಂತ ಕೊಟ್ಟು ಕಂಪೈಲ್ ಮಾಡಿ, ಹಳೇ ನೋಡ್‌ನಲ್ಲಿ ಓಡಿಸಿದ್ದೀರಿ.

ಬೆಂಗಳೂರಿನ ಐಐಎಸ್‌ಸಿಯನ್ನೇ ತೆಗೆದುಕೊಳ್ಳಿ. 2015ರಲ್ಲಿ ಅಲ್ಲಿಗೆ ಬಂದ ಸಹಸ್ರ-ಟಿ ಒಂದು ಕ್ರೇ ಎಕ್ಸ್‌ಸಿ40, ಹ್ಯಾಸ್‌ವೆಲ್ ಚಿಪ್‌ಗಳದ್ದು. 2022ರ ಪರಮ್ ಪ್ರವೇಗ 3.3 ಪೆಟಾಫ್ಲಾಪ್ ಸಾಮರ್ಥ್ಯದ್ದು, ಅದರಲ್ಲಿ ಕ್ಯಾಸ್ಕೇಡ್ ಲೇಕ್. ಮೊದಲನೆಯದು ವಿ3, ಎರಡನೆಯದು ವಿ4. ಪ್ರವೇಗದಲ್ಲಿ ಎವಿಎಕ್ಸ್-512 ಹಾಕಿ ಕಟ್ಟಿದ ಪ್ರೋಗ್ರಾಮನ್ನು ಹ್ಯಾಸ್‌ವೆಲ್ ಮೇಲೆ ಇಟ್ಟರೆ ಮೊದಲ 512 ಬಿಟ್ ಇನ್‌ಸ್ಟ್ರಕ್ಷನ್ ಬಂದ ಕ್ಷಣ ಬಿದ್ದುಹೋಗುತ್ತದೆ. ಕರ್ನಲ್ ಎಷ್ಟೇ ಹೊಸದಿರಲಿ, ಚಿಪ್‌ನಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು?

ನಾವು ಮಾಡುವುದು ಹೀಗೆ. ಜಾಬ್‌ಗಳನ್ನು ನೋಡ್‌ಗಳಿಗೆ ಹಂಚುವ ಸ್ಲರ್ಮ್‌ನಲ್ಲಿ ಪ್ರತಿ ನೋಡ್‌ಗೂ ಅದರ ಚಿಪ್ ಹೆಸರನ್ನು ಫೀಚರ್ ಆಗಿ ಬರೆದಿದ್ದೇವೆ, ಜಾಬ್ ಹಾಕುವವರು ಬೇಕಾದ್ದನ್ನು ಕೇಳುತ್ತಾರೆ. ಸಾಫ್ಟ್‌ವೇರನ್ನು ಸ್ಪ್ಯಾಕ್ ಅನ್ನುವ ಪ್ಯಾಕೇಜ್ ಕಟ್ಟುವ ಸಾಧನದಲ್ಲಿ ಪ್ರತಿ ಚಿಪ್ ಜಾತಿಗೂ ಬೇರೆ ಬೇರೆ ಕಟ್ಟುತ್ತೇವೆ. ಒಂದು ಕರ್ನಲ್, ಮೂರು ಥರದ ಸಾಫ್ಟ್‌ವೇರ್ ಮರ. ಹೊಂದಿಸುವ ಶ್ರಮವೆಲ್ಲ ಇಲ್ಲಿ ಹಾಕಿ, ಫಲ ಸಿಗುತ್ತದೆ. ಓಪನ್‌ಬ್ಲಾಸ್, ಎಂಕೆಎಲ್ ಥರದ ಗಣಿತದ ಲೈಬ್ರರಿಗಳು ಓಡುವಾಗಲೇ ಚಿಪ್ ನೋಡಿ ದಾರಿ ಆರಿಸಿಕೊಳ್ಳುತ್ತವೆ.

ಆದರೆ ಅದರಲ್ಲೂ ಒಂದು ಗಂಟು ಇದೆ. ಒಬ್ಬ ವಿದ್ಯಾರ್ಥಿನಿ ಬಂದು 'ಸರ್, ಅದೇ ಇನ್‌ಪುಟ್, ಅದೇ ಪ್ರೋಗ್ರಾಮ್, ಎರಡು ನೋಡ್‌ನಲ್ಲಿ ಉತ್ತರದ ಕೊನೆಯ ಅಂಕಿಗಳು ಬೇರೆ' ಅಂದಳು. ಕರ್ನಲ್ ಅಪ್‌ಡೇಟ್ ಮಾಡಿದ ವಾರವೇ ಬಂದಿದ್ದರಿಂದ ಅನುಮಾನ ಅದರ ಮೇಲೆ. ನಿಜ ಏನೆಂದರೆ, ಒಂದು ನೋಡ್‌ನಲ್ಲಿ ಎಫ್‌ಎಂಎ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಗುಣಿಸಿ ಕೂಡುವುದನ್ನು ಒಂದೇ ಏಟಿಗೆ ಮಾಡಿದಾಗ ರೌಂಡಿಂಗ್ ಒಂದೇ ಸಲ ಆಗುತ್ತದೆ, ಬಿಡಿಸಿ ಮಾಡಿದಾಗ ಎರಡು ಸಲ. ಎಂಕೆಎಲ್‌ಗೆ ಒಂದೇ ದಾರಿ ಹಿಡಿ ಅಂತ ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ವೇಗ ಸ್ವಲ್ಪ ಹೋಗುತ್ತದೆ, ಜಗಳ ನಿಲ್ಲುತ್ತದೆ.

ಒಂದೇ ಎಂಪಿಐ ಜಾಬನ್ನು ಹೊಸ ಹಳೇ ನೋಡ್‌ಗಳಲ್ಲಿ ಸೇರಿಸಿ ಓಡಿಸಬಹುದಾ?

ಎಂಪಿಐ ಅಂದರೆ ಹಲವು ನೋಡ್‌ಗಳಲ್ಲಿ ಓಡುವ ಪ್ರೋಗ್ರಾಮಿನ ತುಂಡುಗಳು ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿ. ಓಡುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಓಡುತ್ತದೆ. ಪ್ರತಿ ಹೆಜ್ಜೆಗೂ ಎಲ್ಲರೂ ನಿಧಾನದವರಿಗಾಗಿ ಕಾಯಬೇಕು.

ಹೊಸ ನೋಡ್‌ಗಳು ಅದೇ ಕರ್ನಲ್‌ನಲ್ಲಿ ಬೂಟ್ ಆಗದೆ ಡ್ರಾಕಟ್ ಶೆಲ್‌ಗೆ ಬೀಳುತ್ತಿವೆ. ಯಾಕೆ?

ಕರ್ನಲ್ ಸರಿ ಇದೆ. ಜೊತೆಗಿರುವ ಇನಿಟ್‌ರ‍್ಯಾಮ್‌ಎಫ್‌ಎಸ್ ನೋಡಿ. ಅದು ನಿಜವಾದ ಡಿಸ್ಕ್ ಸಿಗುವವರೆಗೆ ಕರ್ನಲ್ ಮೆಮೊರಿಯಲ್ಲಿ ಬಳಸುವ ಪುಟ್ಟ ಫೈಲ್ ಸಿಸ್ಟಮ್; ಅದನ್ನು ಕಟ್ಟುವ ಸಾಧನ ಡ್ರಾಕಟ್. ಡ್ರಾಕಟ್ ಸಾಮಾನ್ಯವಾಗಿ 'ಹೋಸ್ಟ್ ಓನ್ಲಿ' ರೀತಿಯಲ್ಲಿ ಕೆಲಸ ಮಾಡುತ್ತದೆ. ಯಾವ ಯಂತ್ರದಲ್ಲಿ ಕಟ್ಟಿದಿರೋ ಅದಕ್ಕೆ ಬೇಕಾದ ಡ್ರೈವರ್ ಮಾತ್ರ ಒಳಗೆ ತುಂಬುತ್ತದೆ. ಹೊಸ ನೋಡ್‌ನ ನೆಟ್‌ವರ್ಕ್ ಕಾರ್ಡ್ ಬೇರೆ. ಪಿಎಕ್ಸ್‌ಇ (ನೆಟ್‌ವರ್ಕ್‌ನಿಂದ ಬೂಟ್ ಆಗುವ ಪದ್ಧತಿ) ಮೂಲಕ ಕರ್ನಲ್ ಬಂತು, ಎದ್ದಿತು, ಕಾರ್ಡ್‌ಗೆ ಡ್ರೈವರ್ ಇಲ್ಲ, ರೂಟ್ ಫೈಲ್ ಸಿಸ್ಟಮ್ ಸಿಗಲಿಲ್ಲ. ಹೋಸ್ಟ್ ಓನ್ಲಿ ಆಫ್ ಮಾಡಿ ಮತ್ತೆ ಕಟ್ಟಿ. ಇಮೇಜ್ ದಪ್ಪಗಾಗುತ್ತದೆ, ಆಗಲಿ ಬಿಡಿ.

ಚಿಪ್‌ನ ಒಳಗಿನ ತಪ್ಪು ತಿದ್ದುವ ಮೈಕ್ರೋಕೋಡ್ ಕೂಡ ಇದೇ ಇಮೇಜ್‌ನಲ್ಲಿ ಹೋಗುತ್ತದೆ. ಹೋಸ್ಟ್ ಓನ್ಲಿ ಇದ್ದರೆ ಅದೂ ಆ ಒಂದು ಚಿಪ್‌ನದ್ದು ಮಾತ್ರ. ನೋಡ್ ಬೂಟ್ ಆಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಹಳೇ ಮೈಕ್ರೋಕೋಡ್‌ನಲ್ಲೇ ವರ್ಷ ಕಳೆಯುತ್ತದೆ.

ಸ್ಪೆಕ್ಟರ್, ಮೆಲ್ಟ್‌ಡೌನ್ ತಡೆಗಳು ಎಲ್ಲ ನೋಡ್‌ಗಳಲ್ಲೂ ಒಂದೇ ಥರ ಇರುತ್ತವಾ?

ಇಲ್ಲ. 2018ರ ಜನವರಿಯಲ್ಲಿ ಚಿಪ್‌ಗಳ ಈ ಭದ್ರತಾ ದೋಷಗಳು ಹೊರಬಿದ್ದಾಗಿನಿಂದ, ಚಿಪ್ ನೋಡಿಕೊಂಡು ಯಾವ ತಡೆ ಹಾಕಬೇಕು ಅಂತ ಕರ್ನಲ್ಲೇ ತೀರ್ಮಾನಿಸುತ್ತದೆ. ಮೆಲ್ಟ್‌ಡೌನ್ ತಡೆ ಹಳೇ ಇಂಟೆಲ್‌ನಲ್ಲಿ ಆನ್, ಎಎಂಡಿಯಲ್ಲಿ ಬೇಕಿಲ್ಲ. ಸಿಸ್ ಫೈಲ್ ಸಿಸ್ಟಮ್‌ನ ಸಿಪಿಯು ವಲ್ನರಬಿಲಿಟೀಸ್ ಫೋಲ್ಡರ್‌ನಲ್ಲಿ ನೋಡ್‌ವಾರು ನೋಡಬಹುದು. ಎರಡು ತಲೆಮಾರಿನ ನೋಡ್‌ಗಳ ವೇಗ ಹೋಲಿಸುವ ಮುನ್ನ ಇದನ್ನು ನೋಡದೆ ಗ್ರಾಫ್ ಬರೆಯಬೇಡಿ.

ನಮ್ಮಲ್ಲಿ ಆರ್ಮ್ ನೋಡ್‌ಗಳೂ ಬಂದಿವೆ.

ಆರ್ಮ್ ಎಕ್ಸ್86-64 ಅಲ್ಲದ ಬೇರೆಯೇ ಜಾತಿಯ ಪ್ರೊಸೆಸರ್. ಈಗ ಬೇರೆ ಕರ್ನಲ್ ಬೇಕು, ಬೇರೆ ದಾರಿ ಇಲ್ಲ. ಆರ್ಮ್‌ನಲ್ಲಿ ಇನ್ನೊಂದು ಆಯ್ಕೆಯೂ ಮುಂದೆ ಬರುತ್ತದೆ: ಮೆಮೊರಿಯ ಪುಟದ ಅಳತೆ. 4 ಕೆಬಿ, 16 ಕೆಬಿ, 64 ಕೆಬಿ. ಇದು ಕಂಪೈಲ್ ಮಾಡುವಾಗಲೇ ನಿರ್ಧಾರ ಆಗಬೇಕು, ಬೂಟ್‌ನಲ್ಲಿ ಬದಲಿಸಲು ಬರುವುದಿಲ್ಲ. ರೆಡ್ ಹ್ಯಾಟ್ 8 ಆರ್ಮ್‌ಗೆ 64 ಕೆಬಿ ಕರ್ನಲ್ ಕೊಡುತ್ತಿತ್ತು. ಒಂಬತ್ತರಲ್ಲಿ 4 ಕೆಬಿಗೆ ಬಂದರು, 64 ಕೆಬಿಯದು ಬೇಕಾದವರಿಗೆ ಬೇರೆ ಪ್ಯಾಕೇಜ್. ದೊಡ್ಡ ಅರೇಗಳನ್ನು ಅರೆಯುವ ಜಾಬ್‌ಗೆ 64 ಒಳ್ಳೆಯದು, ವಿಳಾಸ ಹುಡುಕುವ ಟಿಎಲ್‌ಬಿ ಮೇಲಿನ ಹೊರೆ ಇಳಿಯುತ್ತದೆ. ಸಾವಿರಾರು ಚಿಕ್ಕ ಫೈಲ್ ಇಟ್ಟುಕೊಂಡಿದ್ದರೆ ಅದೇ 64 ಮೆಮೊರಿ ತಿನ್ನುತ್ತದೆ.

ಸೂಪರ್‌ಕಂಪ್ಯೂಟರ್‌ಗಳಲ್ಲಿ ಕಂಪ್ಯೂಟ್ ನೋಡ್‌ಗೆ ಬೇರೆಯೇ ಕರ್ನಲ್ ಇರುತ್ತಂತಲ್ಲ?

ಕೆಲವದರಲ್ಲಿ ಇತ್ತು. ಅದರ ಹಿಂದೆ ಒಂದು ಒಳ್ಳೇ ಕತೆಯಿದೆ. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಎಎಸ್‌ಸಿಐ ಕ್ಯೂ ಅಂತ ಒಂದು ಯಂತ್ರ. ಆಲ್ಫಾ ಪ್ರೊಸೆಸರ್‌ಗಳು, ನೋಡ್‌ಗೆ ನಾಲ್ಕು, ಒಟ್ಟು 8,192. ಸೇಜ್ ಅನ್ನುವ ಪ್ರೋಗ್ರಾಮನ್ನು ದೊಡ್ಡ ಮಟ್ಟದಲ್ಲಿ ಓಡಿಸಿದಾಗ, ನೋಡ್‌ಗೆ ನಾಲ್ಕೂ ಪ್ರೊಸೆಸರ್ ಕೊಟ್ಟರೆ ನಿಧಾನ, ಮೂರು ಕೊಟ್ಟು ಒಂದು ಖಾಲಿ ಬಿಟ್ಟರೆ ವೇಗ! ಕೈ ಕಡಿಮೆಯಾದಷ್ಟೂ ಕೆಲಸ ಬೇಗ.

ಫ್ಯಾಬ್ರಿಜಿಯೊ ಪೆಟ್ರಿನಿ ಮತ್ತು ಜೊತೆಗಾರರು 2003ರಲ್ಲಿ ಕಾರಣ ಹುಡುಕಿ ಬರೆದರು. ಪ್ರತಿ ನೋಡ್‌ನಲ್ಲೂ ಕರ್ನಲ್ ಮತ್ತು ಡೀಮನ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳು) ಆಗಾಗ ಎದ್ದು ಚೂರು ಸಮಯ ಕದಿಯುತ್ತಿದ್ದವು. ಒಂದು ನೋಡ್‌ನಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ಸಾವಿರಾರು ಪ್ರೊಸೆಸರ್‌ಗಳು ಪ್ರತಿ ಹೆಜ್ಜೆಗೂ ಒಬ್ಬರಿಗೊಬ್ಬರು ಕಾಯುವಾಗ, ಯಾವುದೋ ಒಂದು ಕಡೆ ಯಾವಾಗಲೂ ಯಾರೋ ಎದ್ದಿರುತ್ತಾರೆ. ಎಲ್ಲರೂ ಅವರಿಗೆ ಕಾಯುತ್ತಾರೆ. ಬೇಡದ ಡೀಮನ್ ತೆಗೆದು, ಉಳಿದವನ್ನು ಕಡಿಮೆ ನೋಡ್‌ಗಳಿಗೆ ಸರಿಸಿದ ಮೇಲೆ ಸೇಜ್ ವೇಗ ದುಪ್ಪಟ್ಟಾಯಿತು. ಒಂದು ಸ್ಕ್ರೂ ಕೂಡ ಬದಲಿಸಿರಲಿಲ್ಲ.

ಐಬಿಎಂನ ಬ್ಲೂ ಜೀನ್/ಎಲ್ ಇನ್ನೊಂದು ದಾರಿ ಹಿಡಿಯಿತು. ಅದರ ಕಂಪ್ಯೂಟ್ ನೋಡ್‌ಗಳ ಮೇಲೆ ಲಿನಕ್ಸ್ ಇರಲೇ ಇಲ್ಲ, ಸಿಎನ್‌ಕೆ ಅನ್ನುವ ಪುಟ್ಟ ಕರ್ನಲ್ ಇತ್ತು. ಫೈಲ್ ಓದಬೇಕೆಂದರೆ ಆ ಕೆಲಸವನ್ನು ಲಿನಕ್ಸ್ ಇರುವ ಐ/ಒ ನೋಡ್‌ಗೆ ಒಪ್ಪಿಸುತ್ತಿತ್ತು. ಜಪಾನಿನ ಫುಗಾಕು ಮಧ್ಯದ ದಾರಿಯದು. ಅದರ ಎ64ಎಫ್‌ಎಕ್ಸ್ ಆರ್ಮ್ ಚಿಪ್‌ನಲ್ಲಿ ಲೆಕ್ಕಕ್ಕೆ 48 ಕೋರ್, ಓಎಸ್‌ನ ಮನೆಗೆಲಸಕ್ಕೆ ಎರಡೋ ನಾಲ್ಕೋ ಸಹಾಯಕ ಕೋರ್. ಲಿನಕ್ಸ್ ಅಲ್ಲಿದೆ, ಪಕ್ಕದಲ್ಲೇ ಓಡುವ ಮೆಕ್‌ಕರ್ನಲ್ ಅನ್ನುವ ಹಗುರ ಕರ್ನಲ್ ಕೂಡ ಅಲ್ಲಿಗೆಂದು ತಯಾರಾಯಿತು.

ನಮ್ಮಂಥ ಐವತ್ತು ನೋಡ್‌ಗಳ ಮನೆಗೆ ಅಷ್ಟೆಲ್ಲ ಬೇಡ. ಕಂಪ್ಯೂಟ್ ನೋಡ್‌ನಲ್ಲಿ ಬೇಡದ ಸರ್ವಿಸ್‌ಗಳನ್ನು ನಿಲ್ಲಿಸಿ, ಒಂದು ಕೋರನ್ನು ಓಎಸ್‌ಗೆ ಬಿಟ್ಟುಕೊಡುವಂತೆ ಸ್ಲರ್ಮ್‌ಗೆ ಹೇಳಿ. ಮೊದಲು ಅಳೆಯಿರಿ, ಆಮೇಲೆ ಇಟ್ಟುಕೊಳ್ಳಿ.

ಹೊಸ ಕರ್ನಲ್ ಬಂತು. ಇವತ್ತೇ ಹಾಕಲಾ?

ಲಸ್ಟರ್ (ಎಲ್ಲ ನೋಡ್‌ಗಳೂ ಹಂಚಿಕೊಳ್ಳುವ ಫೈಲ್ ಸಿಸ್ಟಮ್) ಕ್ಲೈಂಟ್, ಇನ್ಫಿನಿಬ್ಯಾಂಡ್ (ವೇಗದ ನೆಟ್‌ವರ್ಕ್) ಡ್ರೈವರ್, ಜಿಪಿಯು ಡ್ರೈವರ್ ಮೂರೂ ಆ ಕರ್ನಲ್ ಜೊತೆ ಕಟ್ಟಿಕೊಳ್ಳುತ್ತವಾ ಅಂತ ಮೊದಲು ನೋಡಿ. ಹೆಚ್ಚಿನ ಸಲ ಕರ್ನಲ್ ಆಯ್ಕೆ ಮಾಡುವುದು ಪ್ರೊಸೆಸರ್ ಅಲ್ಲ, ಲಸ್ಟರ್. ಆಮೇಲೆ ಪ್ರತಿ ತಲೆಮಾರಿನಿಂದ ಒಂದೊಂದು ನೋಡ್ ಹೊರಗೆ ತೆಗೆದು ಅದರಲ್ಲಿ ಹಾಕಿ, ನಿಮ್ಮಲ್ಲಿ ದಿನಾ ಓಡುವ ಜಾಬ್ ಎರಡು ದಿನ ಓಡಿಸಿ. ಹಳೇ ಇಮೇಜನ್ನು ಮಾತ್ರ ಅಳಿಸಬೇಡಿ. ಮತ್ತೆ ಶುಕ್ರವಾರ ಸಂಜೆ ಯಾವುದಕ್ಕೂ ಕೈ ಹಾಕಬೇಡಿ, ನನ್ನ ಆ ಶನಿವಾರ ಶುರುವಾಗಿದ್ದು ಹಾಗೇ.